ಒಂದೇ ಹಾರಾಟ, ಎರಡು ಎತ್ತರ: ಗ್ಲೈಡರ್ ಲಾಗ್‌ನ ಅಂಕಿಗಳನ್ನು ಓದುವುದು ಹೇಗೆ?

2018ರ ಸೆಪ್ಟೆಂಬರ್ 2ರಂದು ಅರ್ಜೆಂಟೀನಾದ ಪೆಟಗೋನಿಯಾ ಪ್ರದೇಶದ ಎಲ್ ಕಲಫಾಟೆ ಎಂಬ ಊರಿನಿಂದ ‘ಪರ್ಲನ್ 2’ ಹೆಸರಿನ ಗ್ಲೈಡರ್ ಆಕಾಶಕ್ಕೇರಿತು. ಒಳಗಿದ್ದವರು ಜಿಮ್ ಪೇನ್ ಮತ್ತು ಟಿಮ್ ಗಾರ್ಡ್ನರ್. ಗ್ಲೈಡರ್ ಅಂದರೆ ಎಂಜಿನ್ ಇಲ್ಲದ ವಿಮಾನ. ಇನ್ನೊಂದು ವಿಮಾನ ಅದನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಗಿ ಮೇಲೆ ಬಿಟ್ಟಿತು. ಅಲ್ಲಿಂದ ಮುಂದೆ ಆಂಡೀಸ್ ಪರ್ವತಸಾಲಿನ ಮೇಲೆ ಹಾಯ್ದು ಅಲೆ ಅಲೆಯಾಗಿ ಏಳುವ ಗಾಳಿಯನ್ನೇ ಮೆಟ್ಟಿಲು ಮಾಡಿಕೊಂಡು, ಅದುವರೆಗೆ ಯಾವ ಗ್ಲೈಡರೂ ಮುಟ್ಟದ ಎತ್ತರವನ್ನು ಅದು ಮುಟ್ಟಿತು.

ಎಷ್ಟು ಎತ್ತರ? ಹುಡುಕಿ ನೋಡಿದರೆ ಎರಡು ಉತ್ತರ ಸಿಗುತ್ತವೆ. ಒಂದು ಕಡೆ 76,124 ಅಡಿ. ಇನ್ನೊಂದು ಕಡೆ 74,334 ಅಡಿ. ವ್ಯತ್ಯಾಸ 1,790 ಅಡಿ, ಅಂದರೆ ಸುಮಾರು 545 ಮೀಟರ್. ಸುತ್ತಲಿನ ಬಯಲಿನಿಂದ ನಂದಿಬೆಟ್ಟ ಎಷ್ಟು ಎತ್ತರ ಎದ್ದು ನಿಂತಿದೆಯೋ ಹೆಚ್ಚುಕಡಿಮೆ ಅಷ್ಟು!

ಇದನ್ನು ನೋಡಿದ ಕೂಡಲೇ ನಮಗೆ ಬರುವ ಮೊದಲ ಯೋಚನೆ, ‘ಎರಡರಲ್ಲಿ ಒಂದು ತಪ್ಪಿರಬೇಕು’ ಅಥವಾ ‘ಯಾರೋ ಉತ್ಪ್ರೇಕ್ಷೆ ಮಾಡಿದ್ದಾರೆ’ ಎಂಬುದು. ನಿಜವಾಗಿ ಎರಡೂ ಸರಿ. ಎರಡು ಉಪಕರಣಗಳು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಟ್ಟಿವೆ, ಅಷ್ಟೇ. ಆ ಪ್ರಶ್ನೆಗಳು ಯಾವುವು ಎಂದು ಗೊತ್ತಿಲ್ಲದೆ ಉತ್ತರವನ್ನು ಮಾತ್ರ ಹಿಡಿದುಕೊಂಡರೆ ಗೊಂದಲ ಖಂಡಿತ. ಸಂವಹನ ಓದಿದ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದೇ ಇದರಿಂದ. ಅಂಕಿ ಒಂದೇ ಇರುತ್ತದೆ, ಅದನ್ನು ಓದುವವರು ಕಟ್ಟುವ ಕಥೆ ಮಾತ್ರ ಬೇರೆ ಬೇರೆ.

ಗ್ಲೈಡರ್ ಲಾಗ್‌ನ ವಿಷಯದಲ್ಲಿ ಈ ಕಥೆಗೆ ಬೆಲೆಯಿದೆ. ಪೈಲಟ್‌ಗೆ ಪದಕ ಕೊಡಬೇಕೇ ಬೇಡವೇ, ಅವರು ಪ್ರಯಾಣಿಕರ ವಿಮಾನಗಳಿಗೆ ಮೀಸಲಾದ ವಾಯುಪ್ರದೇಶಕ್ಕೆ ನುಗ್ಗಿದರೇ ಇಲ್ಲವೇ, ಸ್ಪರ್ಧೆಯಲ್ಲಿ ಕಳ್ಳಾಟ ಆಡಿದರೇ ಎಂಬುದನ್ನೆಲ್ಲ ನಿರ್ಧರಿಸುವುದು ಅದೇ ಲಾಗ್. ಅಪಘಾತವಾಗಿ ಪೈಲಟ್ ಬದುಕುಳಿಯದಿದ್ದರೆ, ಅವರ ಪರವಾಗಿಯೋ ವಿರುದ್ಧವಾಗಿಯೋ ಮಾತಾಡಲು ಉಳಿಯುವುದೂ ಅನೇಕ ಸಲ ಅದೊಂದೇ.

ಲಾಗ್ ಅಂದರೇನು?

ಹದ್ದು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಮೇಲೇರುವುದನ್ನು ನಾವೆಲ್ಲ ನೋಡಿದ್ದೇವೆ. ಬಿಸಿಲಿಗೆ ಕಾದ ನೆಲದಿಂದ ಏಳುವ ಬಿಸಿಗಾಳಿಯ ಕಂಬದೊಳಗೆ ಅದು ಸುತ್ತುತ್ತಿರುತ್ತದೆ. ಈ ಕಂಬಕ್ಕೆ ಥರ್ಮಲ್ ಎನ್ನುತ್ತಾರೆ. ಗ್ಲೈಡರ್ ಮಾಡುವುದೂ ಅದನ್ನೇ. ಒಂದು ಥರ್ಮಲ್‌ನಲ್ಲಿ ಏರುವುದು, ಅಲ್ಲಿಂದ ಮುಂದಕ್ಕೆ ಜಾರುತ್ತಾ ಸಾಗುವುದು, ಎತ್ತರ ಮುಗಿಯುವುದರೊಳಗೆ ಇನ್ನೊಂದು ಥರ್ಮಲ್ ಹುಡುಕುವುದು. ಹೀಗೆ ನೂರಾರು ಕಿಲೋಮೀಟರ್ ಹಾರಬಹುದು.

ಹಾರಾಟ ನಿಜವಾಗಿ ನಡೆಯಿತು ಎಂದು ಸಾಬೀತು ಮಾಡಲು ಹಿಂದೆ ಬ್ಯಾರೊಗ್ರಾಫ್ ಇತ್ತು. ನಿಧಾನವಾಗಿ ತಿರುಗುವ ಡ್ರಮ್ ಒಂದರ ಮೇಲೆ ಮುಳ್ಳು ಗೆರೆ ಎಳೆಯುತ್ತಿತ್ತು. ಎಲ್ಲಿ ತಿರುಗಿದೆವು ಎಂದು ತೋರಿಸಲು ಪೈಲಟ್‌ಗಳು ಕ್ಯಾಮೆರಾದಿಂದ ನೆಲದ ಫೋಟೊ ತೆಗೆಯುತ್ತಿದ್ದರು. ಈಗ ಆ ಎರಡೂ ಕೆಲಸವನ್ನು ಅಂಗೈಯಷ್ಟು ದೊಡ್ಡ ರೆಕಾರ್ಡರ್ ಮಾಡುತ್ತದೆ. ಅದು ಬರೆಯುವ ಕಡತದ ಮಾದರಿಯನ್ನು ರೂಪಿಸಿದ್ದು ಎಫ್‌ಎಐ ಎಂಬ ವಿಶ್ವ ವಾಯುಕ್ರೀಡಾ ಒಕ್ಕೂಟದ ಕೆಳಗಿರುವ ಅಂತರರಾಷ್ಟ್ರೀಯ ಗ್ಲೈಡಿಂಗ್ ಆಯೋಗ. ಹಾಗಾಗಿ ಅದಕ್ಕೆ ಐಜಿಸಿ ಫೈಲ್ ಎಂದೇ ಹೆಸರು. ಪ್ಯಾರಾಗ್ಲೈಡಿಂಗ್ ಮಾಡುವವರೂ ಇದೇ ಮಾದರಿಯನ್ನು ಬಳಸುತ್ತಾರೆ. ಅದು ಯಾರು ಬೇಕಾದರೂ ತೆರೆದು ಓದಬಹುದಾದ ಸಾದಾ ಅಕ್ಷರಗಳ ಕಡತ. ಕೆಲವು ಸೆಕೆಂಡುಗಳಿಗೊಮ್ಮೆ ಒಂದು ಸಾಲು, ಸಾವಿರಾರು ಸಾಲುಗಳು.

ಒಂದು ಸಾಲನ್ನು ಬಿಡಿಸೋಣ

ಬೆಂಗಳೂರಿನ ಉತ್ತರ ಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಒಂದು ಮೈದಾನದಲ್ಲಿ ಗ್ಲೈಡರ್ ಹಾರಲು ಸಿದ್ಧವಾಗಿ ನಿಂತಿದೆ ಎಂದು ಊಹಿಸಿಕೊಳ್ಳಿ. ಇನ್ನೂ ಚಕ್ರ ಉರುಳಿಲ್ಲ. ಆಗ ಲಾಗ್‌ನಲ್ಲಿ ದಾಖಲಾಗುವ ಸಾಲಿನಲ್ಲಿ ಇರುವುದು ಇಷ್ಟು (ಇದು ವಿವರಣೆಗಾಗಿ ನಾನೇ ಮಾಡಿಕೊಂಡ ಉದಾಹರಣೆ):

- ‘ಬಿ’ ಅಕ್ಷರ: ಇದು ಸ್ಥಾನ ತಿಳಿಸುವ ಸಾಲು ಎಂಬ ಗುರುತು.
- 061230: ಸಮಯ.
- 1304500 ಮತ್ತು ಉತ್ತರದ ಗುರುತು: ಅಕ್ಷಾಂಶ 13 ಡಿಗ್ರಿ 4.5 ನಿಮಿಷ.
- 07736000 ಮತ್ತು ಪೂರ್ವದ ಗುರುತು: ರೇಖಾಂಶ 77 ಡಿಗ್ರಿ 36 ನಿಮಿಷ.
- ‘ಎ’ ಅಕ್ಷರ: ಉಪಗ್ರಹಗಳ ಸಂಕೇತ ಚೆನ್ನಾಗಿ ಸಿಕ್ಕಿದೆ. ಸಿಗದಿದ್ದರೆ ಇಲ್ಲಿ ‘ವಿ’ ಬರುತ್ತದೆ.
- 00895: ಒತ್ತಡದಿಂದ ಲೆಕ್ಕ ಹಾಕಿದ ಎತ್ತರ, ಮೀಟರ್‌ಗಳಲ್ಲಿ.
- 00834: ಜಿಪಿಎಸ್ ಹೇಳಿದ ಎತ್ತರ, ಮೀಟರ್‌ಗಳಲ್ಲಿ.

ಮೊದಲು ಸಮಯ ನೋಡಿ. ಬೆಳಗಿನ 6 ಗಂಟೆ 12 ನಿಮಿಷ! ಅಷ್ಟು ಹೊತ್ತಿಗೆ ನೆಲ ಕಾದಿರುವುದಿಲ್ಲ, ಥರ್ಮಲ್ ಹುಟ್ಟಿರುವುದಿಲ್ಲ. ಹಾಗಾದರೆ ಈ ಲಾಗ್ ನಕಲಿಯೇ? ಅಲ್ಲ. ಐಜಿಸಿ ಫೈಲ್‌ನಲ್ಲಿ ಸಮಯ ಯಾವಾಗಲೂ ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣ ಸಮಯ. ಭಾರತದ ಸಮಯ ಬೇಕಿದ್ದರೆ ಐದೂವರೆ ಗಂಟೆ ಕೂಡಿಸಬೇಕು. ಕೂಡಿಸಿದರೆ ಬೆಳಗಿನ 11 ಗಂಟೆ 42 ನಿಮಿಷ, ಗ್ಲೈಡರ್ ಹಾರಲು ಹೇಳಿಮಾಡಿಸಿದ ಹೊತ್ತು. ಅಂಕಿ ತಪ್ಪಿರಲಿಲ್ಲ. ಅದು ಯಾವ ಗಡಿಯಾರದ್ದು ಎಂದು ನಾವು ಕೇಳಿರಲಿಲ್ಲ.

ಈಗ ಎತ್ತರಕ್ಕೆ ಬರೋಣ. ನೆಲ ಇರುವುದು 920 ಮೀಟರ್‌ನಲ್ಲಿ. ಒಂದು ಅಂಕಿ 895 ಎನ್ನುತ್ತದೆ, ಇನ್ನೊಂದು 834 ಎನ್ನುತ್ತದೆ. ಎರಡನ್ನೂ ನಂಬಿದರೆ ಗ್ಲೈಡರ್ ಮಣ್ಣಿನೊಳಗೆ ಹೂತುಹೋಗಿರಬೇಕು!

895 ಎಲ್ಲಿಂದ ಬಂತು?

ನಮ್ಮ ತಲೆಯ ಮೇಲೆ ಗಾಳಿಯ ರಾಶಿ ಇದೆ. ಅದರ ಭಾರವೇ ವಾಯುಒತ್ತಡ. ಮೇಲೆ ಹೋದಷ್ಟೂ ತಲೆಯ ಮೇಲಿನ ಗಾಳಿ ಕಡಿಮೆ, ಒತ್ತಡವೂ ಕಡಿಮೆ. ಸಮುದ್ರಮಟ್ಟದ ಹತ್ತಿರ ಸುಮಾರು 8 ಮೀಟರ್ ಏರಿದರೆ ಒತ್ತಡ ಒಂದು ಹೆಕ್ಟೊಪಾಸ್ಕಲ್ ಇಳಿಯುತ್ತದೆ.

ರೆಕಾರ್ಡರ್ ಅಳೆಯುವುದು ಒತ್ತಡವನ್ನು ಮಾತ್ರ. ಅದನ್ನು ಎತ್ತರವಾಗಿ ಬದಲಿಸಲು ಅದು ಒಂದು ಕಲ್ಪಿತ ವಾತಾವರಣವನ್ನು ಒಪ್ಪಿಕೊಳ್ಳುತ್ತದೆ. ಆ ಕಲ್ಪಿತ ಲೋಕದಲ್ಲಿ ಸಮುದ್ರಮಟ್ಟದ ಒತ್ತಡ ಸದಾ 1013.25 ಹೆಕ್ಟೊಪಾಸ್ಕಲ್, ಉಷ್ಣತೆ ಸದಾ 15 ಡಿಗ್ರಿ ಸೆಲ್ಸಿಯಸ್, ಪ್ರತಿ ಕಿಲೋಮೀಟರ್ ಏರಿದಾಗ ಉಷ್ಣತೆ 6.5 ಡಿಗ್ರಿ ಇಳಿಯುತ್ತದೆ. ಇದಕ್ಕೆ ಪ್ರಮಾಣಿತ ವಾತಾವರಣ ಎನ್ನುತ್ತಾರೆ.

ನಮ್ಮ ಮೈದಾನದಲ್ಲಿ ಆ ಹೊತ್ತಿನ ಒತ್ತಡ 910 ಹೆಕ್ಟೊಪಾಸ್ಕಲ್ ಇತ್ತು ಅನ್ನೋಣ. ಪ್ರಮಾಣಿತ ವಾತಾವರಣದಲ್ಲಿ ಅಷ್ಟು ಒತ್ತಡ ಸಿಗುವುದು ಹೆಚ್ಚುಕಡಿಮೆ 895 ಮೀಟರ್ ಎತ್ತರದಲ್ಲಿ. ಆದ್ದರಿಂದ ರೆಕಾರ್ಡರ್ 895 ಎಂದು ಬರೆಯುತ್ತದೆ. ಅದೇ ಹೊತ್ತಿಗೆ ಪೈಲಟ್‌ನ ಕಣ್ಣೆದುರಿನ ಆಲ್ಟಿಮೀಟರ್ 920 ತೋರಿಸುತ್ತಿರಬಹುದು. ಅದಕ್ಕೊಂದು ತಿರುಗಣೆ ಇರುತ್ತದೆ, ಆ ದಿನದ ಒತ್ತಡಕ್ಕೆ ತಕ್ಕಂತೆ ಪೈಲಟ್ ಅದನ್ನು ಸರಿಹೊಂದಿಸಿಕೊಳ್ಳುತ್ತಾರೆ. ಲಾಗ್‌ಗೆ ಆ ತಿರುಗಣೆ ಇಲ್ಲ. ‘ನಾನು ನೋಡಿದ್ದೇ ಬೇರೆ, ಲಾಗ್ ಹೇಳುವುದೇ ಬೇರೆ’ ಎಂಬ ಜಗಳ ಎಷ್ಟೋ ಸಲ ಇಲ್ಲಿಂದಲೇ ಶುರುವಾಗುತ್ತದೆ.

ಹಾಗಾದರೆ ಏರಿದ ಎತ್ತರವನ್ನು ಲೆಕ್ಕ ಹಾಕುವುದು ಹೇಗೆ? ಕೊನೆಯ ಅಂಕಿಯಿಂದ ಮೊದಲ ಅಂಕಿಯನ್ನು ಕಳೆಯಬೇಕು. ಎರಡರಲ್ಲೂ ಇರುವ ಸಮನಾದ ತಪ್ಪು ಕಳೆಯುವಾಗ ಹೊರಟುಹೋಗುತ್ತದೆ. ಗ್ಲೈಡಿಂಗ್‌ನ ಬೆಳ್ಳಿ ಪದಕಕ್ಕೆ 50 ಕಿಲೋಮೀಟರ್ ದೂರ, 5 ಗಂಟೆ ಹಾರಾಟ ಮತ್ತು 1,000 ಮೀಟರ್ ಏರಿಕೆ ಬೇಕು. ಇಲ್ಲಿ ಕೇಳುವುದು ಏರಿಕೆಯನ್ನು, ಮುಟ್ಟಿದ ಎತ್ತರವನ್ನಲ್ಲ ಎಂಬುದನ್ನು ಗಮನಿಸಿ.

ಆದರೆ ಉಷ್ಣತೆಯಿಂದ ಬರುವ ತಪ್ಪು ಕಳೆದರೂ ಹೋಗುವುದಿಲ್ಲ. ಬಿಸಿಗಾಳಿ ಹಿಗ್ಗಿರುತ್ತದೆ, ಹಾಗಾಗಿ ಮೇಲೇರಿದಂತೆ ಒತ್ತಡ ನಿಧಾನವಾಗಿ ಇಳಿಯುತ್ತದೆ. ತಣ್ಣನೆಯ ಗಾಳಿ ಕುಗ್ಗಿರುತ್ತದೆ, ಅಲ್ಲಿ ಬೇಗ ಇಳಿಯುತ್ತದೆ. ಗಾಳಿ ಪ್ರಮಾಣಕ್ಕಿಂತ 10 ಡಿಗ್ರಿ ಬಿಸಿಯಾಗಿದ್ದರೆ ಏರಿಕೆಯ ಲೆಕ್ಕ ಸುಮಾರು ಶೇಕಡ 3.5ರಿಂದ 4ರಷ್ಟು ಕಡಿಮೆ ಬರುತ್ತದೆ. ಗಾಳಿ ತಣ್ಣಗಿದ್ದರೆ ಇದು ಉಲ್ಟಾ. ನಿಜಕ್ಕೂ ಇರುವುದಕ್ಕಿಂತ ಹೆಚ್ಚು ಎತ್ತರದಲ್ಲಿದ್ದೇವೆ ಎಂದು ಉಪಕರಣ ಹೇಳುತ್ತದೆ. ಚಳಿಗಾಲದಲ್ಲಿ ಪರ್ವತಗಳ ನಡುವೆ ಹಾರುವವರಿಗೆ ಇದು ಜೀವದ ಪ್ರಶ್ನೆ. ಆಲ್ಟಿಮೀಟರ್ ನಂಬಿ ಬೆಟ್ಟ ದಾಟಲು ಹೋದರೆ, ಬೆಟ್ಟದ ತುದಿ ಅಂದುಕೊಂಡದ್ದಕ್ಕಿಂತ ಹತ್ತಿರ ಇರುತ್ತದೆ.

ಇಷ್ಟೆಲ್ಲ ತೊಂದರೆ ಇರುವ ಒತ್ತಡದ ಎತ್ತರವನ್ನು ವಿಮಾನಯಾನ ಇನ್ನೂ ಏಕೆ ಬಿಟ್ಟಿಲ್ಲ? ಒಂದೇ ಜಾಗದಲ್ಲಿ ಹಾರುವ ಎಲ್ಲ ವಿಮಾನಗಳಿಗೂ ತಪ್ಪು ಒಂದೇ ಪ್ರಮಾಣದ್ದಾಗಿರುತ್ತದೆ. ಎಲ್ಲರ ಕೈಯಲ್ಲೂ ಅದೇ ಅಳತೆಗೋಲು ಇದ್ದರೆ, ಅಳತೆಗೋಲು ಸ್ವಲ್ಪ ಗಿಡ್ಡವಾಗಿದ್ದರೂ ಒಬ್ಬರ ಮೇಲೊಬ್ಬರು ಬೀಳದಂತೆ ಅಂತರ ಕಾಯ್ದುಕೊಳ್ಳಬಹುದು.

834 ಎಲ್ಲಿಂದ ಬಂತು?

‘ಜಿಪಿಎಸ್ ಉಪಗ್ರಹದಿಂದ ಬರುತ್ತದೆ, ಆದ್ದರಿಂದ ಅದೇ ನಿಜವಾದ ಎತ್ತರ’ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಜಿಪಿಎಸ್ ನಿಖರವಾದದ್ದು ಹೌದು. ಆದರೆ ಅದು ಎತ್ತರವನ್ನು ಎಲ್ಲಿಂದ ಅಳೆಯುತ್ತದೆ?

ಭೂಮಿ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾದ ಚೆಂಡು. ಲೆಕ್ಕಕ್ಕೆ ಅನುಕೂಲವಾಗಲೆಂದು ಅದರ ಬದಲಿಗೆ ಒಂದು ನಯವಾದ ಗಣಿತದ ಆಕಾರವನ್ನು ಇಟ್ಟುಕೊಂಡಿದ್ದಾರೆ. ಇದಕ್ಕೆ ಎಲಿಪ್ಸಾಯ್ಡ್ ಎಂದು ಹೆಸರು. ಜಿಪಿಎಸ್ ಮೊದಲು ಲೆಕ್ಕ ಹಾಕುವುದು ಈ ಆಕಾರದ ಮೇಲಿನಿಂದ ನಾವು ಎಷ್ಟು ಎತ್ತರದಲ್ಲಿದ್ದೇವೆ ಎಂಬುದನ್ನು. ಆದರೆ ಸಮುದ್ರದ ನೀರು ಗಣಿತದ ಮಾತು ಕೇಳುವುದಿಲ್ಲ, ಗುರುತ್ವದ ಮಾತು ಕೇಳುತ್ತದೆ. ಭೂಮಿಯೊಳಗೆ ದ್ರವ್ಯರಾಶಿ ಹೆಚ್ಚಿರುವ ಕಡೆ ಸಮುದ್ರಮಟ್ಟ ಉಬ್ಬಿರುತ್ತದೆ, ಕಡಿಮೆ ಇರುವ ಕಡೆ ತಗ್ಗಿರುತ್ತದೆ. ಗುರುತ್ವ ತೀರ್ಮಾನಿಸುವ ಈ ಏರುತಗ್ಗಿನ ಸಮುದ್ರಮಟ್ಟಕ್ಕೆ ಜಿಯಾಯ್ಡ್ ಎನ್ನುತ್ತಾರೆ.

ಈ ವಿಷಯದಲ್ಲಿ ನಾವು ವಿಶೇಷ ಜಾಗದಲ್ಲಿದ್ದೇವೆ. ಜಗತ್ತಿನಲ್ಲೇ ಜಿಯಾಯ್ಡ್ ಅತಿ ಹೆಚ್ಚು ತಗ್ಗಿರುವುದು ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಅದು ಎಲಿಪ್ಸಾಯ್ಡ್‌ಗಿಂತ ಸುಮಾರು 106 ಮೀಟರ್ ಕೆಳಗಿದೆ. ಆ ತಗ್ಗಿನ ಇಳಿಜಾರಿನಲ್ಲೇ ದಕ್ಷಿಣ ಭಾರತವೂ ಇದೆ. ಬೆಂಗಳೂರಿನಲ್ಲಿ ಈ ವ್ಯತ್ಯಾಸ ಸುಮಾರು 86 ಮೀಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅಂತರರಾಷ್ಟ್ರೀಯ ಜಾಲಕ್ಕೆ ಸೇರಿದ ಜಿಪಿಎಸ್ ಕೇಂದ್ರವೊಂದಿದೆ. ಎಲಿಪ್ಸಾಯ್ಡ್‌ನಿಂದ ಅಳೆದಾಗ ಅದರ ಎತ್ತರ ಸುಮಾರು 844 ಮೀಟರ್ ಮಾತ್ರ. ಬೆಂಗಳೂರು 900 ಮೀಟರ್‌ಗಿಂತ ಎತ್ತರದಲ್ಲಿದೆ ಎಂದು ಶಾಲೆಯಲ್ಲಿ ಕಲಿತವರಿಗೆ ಇದು ತಪ್ಪಾಗಿ ಕಾಣುತ್ತದೆ. ಎರಡೂ ಸರಿ, ಅಳೆಯಲು ಆರಂಭಿಸಿದ ಜಾಗ ಬೇರೆ.

ನಮ್ಮ ಉದಾಹರಣೆಯಲ್ಲೂ ಅಷ್ಟೇ. 920ರಿಂದ 86 ಕಳೆದರೆ 834. ಸ್ವಿಟ್ಜರ್ಲೆಂಡ್‌ನಲ್ಲಿ ಇದೇ ಕೆಲಸ ಮಾಡಿದರೆ ಜಿಯಾಯ್ಡ್ ಸುಮಾರು 50 ಮೀಟರ್ ಮೇಲಿರುವುದರಿಂದ ಜಿಪಿಎಸ್ ಅಂಕಿ ನಕ್ಷೆಯ ಅಂಕಿಗಿಂತ ಹೆಚ್ಚು ಬರುತ್ತದೆ. ಒಂದು ದೇಶದಲ್ಲಿ ಕಲಿತ ‘ಜಿಪಿಎಸ್ ಯಾವಾಗಲೂ ಜಾಸ್ತಿ ತೋರಿಸುತ್ತದೆ’ ಎಂಬ ರೂಢಿಯ ಮಾತು ಇನ್ನೊಂದು ದೇಶದಲ್ಲಿ ಕೈಕೊಡುವುದು ಹೀಗೆ. ಕೆಲವು ಉಪಕರಣಗಳು ಮತ್ತು ಆ್ಯಪ್‌ಗಳು ತಾವೇ ತಿದ್ದಿಕೊಂಡು ಸಮುದ್ರಮಟ್ಟದಿಂದ ಎತ್ತರ ಬರೆಯುತ್ತವೆ. ಆದ್ದರಿಂದ ಅಂಕಿ ನೋಡುವ ಮೊದಲು ಕಡತದ ತಲೆಭಾಗದಲ್ಲಿ ಉಪಕರಣದ ವಿವರ ಓದಬೇಕು.

ಪರ್ಲನ್‌ನ ಒಗಟು

ಈಗ ಅರ್ಜೆಂಟೀನಾಕ್ಕೆ ಮರಳೋಣ. 76,124 ಅಡಿ ಎಂಬುದು ಒತ್ತಡದ ಎತ್ತರ. 74,334 ಅಡಿ ಎಂಬುದು ಜಿಪಿಎಸ್ ಎತ್ತರ. ಗ್ಲೈಡರ್ ಜಾಗದಲ್ಲಿ ಇದ್ದದ್ದು ಎರಡನೆಯದರಲ್ಲಿ. ಆದರೆ ಅದು ಚಳಿಗಾಲ ಇನ್ನೂ ಮುಗಿಯದ ದಕ್ಷಿಣ ಗೋಳಾರ್ಧ, ಮೇಲಿನ ಗಾಳಿ ಬಹಳ ತಣ್ಣಗಿತ್ತು. ತಣ್ಣನೆಯ ಗಾಳಿಯಲ್ಲಿ ಒತ್ತಡ ಬೇಗ ಇಳಿಯುವುದರಿಂದ, 74,334 ಅಡಿಯಲ್ಲೇ 76,124 ಅಡಿಯಷ್ಟು ತೆಳುವಾದ ಒತ್ತಡ ಸಿಕ್ಕಿತು.

ಅಷ್ಟು ಎತ್ತರದಲ್ಲಿ ಒತ್ತಡ ಸಮುದ್ರಮಟ್ಟದ ಮೂವತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ನೆಲದ ಹತ್ತಿರ ಒಂದು ಹೆಕ್ಟೊಪಾಸ್ಕಲ್ ವ್ಯತ್ಯಾಸಕ್ಕೆ 8 ಮೀಟರ್ ಆದರೆ, ಅಲ್ಲಿ ಅದೇ ವ್ಯತ್ಯಾಸ ಸುಮಾರು 190 ಮೀಟರ್ ಆಗುತ್ತದೆ. ಅಂದರೆ ಒತ್ತಡದಲ್ಲಿ ಮೂರು ಹೆಕ್ಟೊಪಾಸ್ಕಲ್‌ಗೂ ಕಡಿಮೆ ಅಂತರವೇ 545 ಮೀಟರ್ ಆಗಿ ಕಾಣಿಸಿತು.

ಯಾವುದು ಮುಖ್ಯ? ಅದು ಯಾರು ಕೇಳುತ್ತಾರೆ ಎಂಬುದರ ಮೇಲೆ ನಿಂತಿದೆ. ದಾಖಲೆಯ ಪುಸ್ತಕಕ್ಕೆ ಜಾಗದಲ್ಲಿ ನಿಜವಾಗಿ ಎಷ್ಟು ಎತ್ತರ ಎಂಬುದು ಬೇಕು. ಪೈಲಟ್‌ನ ದೇಹಕ್ಕೆ ಬೇಕಾದದ್ದು ಒತ್ತಡದ ಅಂಕಿ. ನಮ್ಮ ಶ್ವಾಸಕೋಶಕ್ಕೆ ಆಮ್ಲಜನಕ ಇಳಿಯುವುದು ಗಾಳಿಯ ಒತ್ತಡದಿಂದ. ಕ್ಯಾಬಿನ್‌ನ ಒತ್ತಡ ಕೈಕೊಟ್ಟರೆ ಜಿಪಿಎಸ್ ಏನು ಹೇಳುತ್ತದೆ ಎಂಬುದು ಪೈಲಟ್‌ನ ರಕ್ತಕ್ಕೆ ಲೆಕ್ಕಕ್ಕೇ ಬರುವುದಿಲ್ಲ.

ಏರಿದ್ದೆಲ್ಲ ಥರ್ಮಲ್ ಅಲ್ಲ

ಲಾಗ್‌ನಲ್ಲಿ ಗ್ಲೈಡರ್ ಕೆಲವೇ ಸೆಕೆಂಡುಗಳಲ್ಲಿ 95 ಮೀಟರ್ ಜಿಗಿದಂತೆ ಕಾಣುತ್ತದೆ ಅನ್ನಿ. ಬಲವಾದ ಥರ್ಮಲ್ ಸಿಕ್ಕಿತೇ? ಅದೇ ಸಾಲುಗಳಲ್ಲಿ ವೇಗವನ್ನೂ ಲೆಕ್ಕ ಹಾಕಿ ನೋಡಿ. ವೇಗ ಗಂಟೆಗೆ 180 ಕಿಲೋಮೀಟರ್‌ನಿಂದ 90ಕ್ಕೆ ಇಳಿದಿದ್ದರೆ ಉತ್ತರ ಸಿಕ್ಕಿತು. ಸೈಕಲ್‌ನಲ್ಲಿ ಇಳಿಜಾರು ಇಳಿದ ರಭಸಕ್ಕೆ ಪೆಡಲ್ ತುಳಿಯದೆ ಎದುರಿನ ಏರು ಹತ್ತುತ್ತೇವಲ್ಲ, ಇದೂ ಹಾಗೆಯೇ. ಪೈಲಟ್ ಕಡ್ಡಿಯನ್ನು ಹಿಂದಕ್ಕೆಳೆದು ವೇಗವನ್ನು ಎತ್ತರವಾಗಿ ಬದಲಿಸಿದ್ದಾರೆ. ಭೌತಶಾಸ್ತ್ರದ ಲೆಕ್ಕದಲ್ಲಿ 180ರಿಂದ 90ಕ್ಕೆ ಇಳಿದಾಗ ಸಿಗಬಹುದಾದ ಎತ್ತರ ಸುಮಾರು 95 ಮೀಟರ್. ಗಾಳಿಯಿಂದ ಬಂದ ಲಾಭ ಸೊನ್ನೆ.

ಏರುವ ವೇಗವನ್ನು ತೋರಿಸುವ ಉಪಕರಣಕ್ಕೆ ವೇರಿಯೋಮೀಟರ್ ಎಂದು ಹೆಸರು. ಗ್ಲೈಡರ್‌ನಲ್ಲಿರುವ ವೇರಿಯೋಮೀಟರ್ ಸಾಮಾನ್ಯವಾಗಿ ಈ ವೇಗದ ಆಟವನ್ನು ಕಳೆದು, ಒಟ್ಟು ಶಕ್ತಿ ಹೆಚ್ಚುತ್ತಿದೆಯೇ ಇಲ್ಲವೇ ಎಂಬುದನ್ನು ಮಾತ್ರ ತೋರಿಸುತ್ತದೆ. ಲಾಗ್‌ನಲ್ಲಿರುವ ಬರೀ ಎತ್ತರದ ಅಂಕಿಗೆ ಆ ಜಾಣತನ ಇಲ್ಲ, ಓದುವವರೇ ಅದನ್ನು ಮಾಡಬೇಕು.

ಸರಾಸರಿಯ ವಿಷಯದಲ್ಲೂ ಇಂಥದೇ ಜಗಳ. ‘ಸೆಕೆಂಡಿಗೆ 4 ಮೀಟರ್ ಏರುವ ಥರ್ಮಲ್ ಸಿಕ್ಕಿತ್ತು’ ಎಂದು ಪೈಲಟ್ ಹೇಳುತ್ತಾರೆ. ಲಾಗ್‌ನಲ್ಲಿ ಹೊಕ್ಕಾಗಿನಿಂದ ಬಿಡುವವರೆಗೆ ಲೆಕ್ಕ ಹಾಕಿದರೆ 2 ಮೀಟರ್ ಕೂಡ ಇರುವುದಿಲ್ಲ. ಪೈಲಟ್ ಸುಳ್ಳು ಹೇಳಿಲ್ಲ. ಮುಳ್ಳು 4ನ್ನು ಮುಟ್ಟಿದ್ದ ಗಳಿಗೆ ಅವರ ನೆನಪಲ್ಲಿ ಉಳಿದಿದೆ. ಥರ್ಮಲ್‌ನ ನಡುವನ್ನು ಹುಡುಕುತ್ತಾ ಕಳೆದ ಸುತ್ತುಗಳು ಲಾಗ್‌ನಲ್ಲಿ ಉಳಿದಿವೆ.

ಗಾಳಿಯನ್ನು ಮರೆತರೆ

ಜಿಪಿಎಸ್‌ನಿಂದ ಸಿಗುವುದು ನೆಲದ ಮೇಲಿನ ವೇಗ. ರೆಕ್ಕೆಗೆ ಗೊತ್ತಿರುವುದು ಗಾಳಿಯಲ್ಲಿನ ವೇಗ. ಹೊಳೆಯಲ್ಲಿ ಈಜುವವರನ್ನು ದಡದಲ್ಲಿ ನಿಂತು ನೋಡಿದಂತೆ, ಎರಡೂ ಒಂದೇ ಅಲ್ಲ.

ಒಂದು ಗ್ಲೈಡರ್ ಗಾಳಿಯಲ್ಲಿ ಸೆಕೆಂಡಿಗೆ 25 ಮೀಟರ್ ಮುಂದೆ ಸಾಗುತ್ತಾ 0.7 ಮೀಟರ್ ಇಳಿಯುತ್ತದೆ ಅನ್ನೋಣ. ಅಂದರೆ 1 ಮೀಟರ್ ಇಳಿಯುವಷ್ಟರಲ್ಲಿ ಸುಮಾರು 36 ಮೀಟರ್ ಮುಂದೆ ಹೋಗುತ್ತದೆ. ಹಿಂದಿನಿಂದ ಸೆಕೆಂಡಿಗೆ 10 ಮೀಟರ್ ಗಾಳಿ ಬೀಸುತ್ತಿದ್ದರೆ ನೆಲದ ಮೇಲೆ ಅದು 50 ಮೀಟರ್ ಆಗುತ್ತದೆ. ಅದೇ ಗಾಳಿ ಎದುರಿನಿಂದ ಬೀಸಿದರೆ ಬರೀ 21 ಮೀಟರ್. ಗ್ಲೈಡರ್ ಅದೇ, ಪೈಲಟ್ ಅದೇ.

ಈಗ ಹೋಗುವಾಗಿನ ಲಾಗ್ ನೋಡಿ ‘ನನ್ನ ಗ್ಲೈಡರ್ 50 ಕೊಡುತ್ತದೆ’ ಎಂದು ನಂಬಿದ ಪೈಲಟ್ ಹಿಂತಿರುಗುತ್ತಿದ್ದಾರೆ. ಎತ್ತರ 600 ಮೀಟರ್ ಇದೆ, ಮೈದಾನ 20 ಕಿಲೋಮೀಟರ್ ದೂರ ಇದೆ. 50ರ ಲೆಕ್ಕದಲ್ಲಿ 30 ಕಿಲೋಮೀಟರ್ ಹೋಗಬಹುದು, ಧಾರಾಳವಾಯಿತು. ಎದುರುಗಾಳಿಯ 21ರ ಲೆಕ್ಕದಲ್ಲಿ 13 ಕಿಲೋಮೀಟರ್ ಕೂಡ ಆಗುವುದಿಲ್ಲ. ಮಿಕ್ಕ ಏಳು ಕಿಲೋಮೀಟರ್‌ನಲ್ಲಿ ಕಾಡಿದೆಯೋ, ಊರಿದೆಯೋ, ವಿದ್ಯುತ್ ತಂತಿಗಳಿವೆಯೋ? ಎಂಜಿನ್ ಇಲ್ಲದ ವಿಮಾನಕ್ಕೆ ಎರಡನೇ ಅವಕಾಶ ಇರುವುದಿಲ್ಲ.

ಒಳ್ಳೆಯದೆಂದರೆ ಗಾಳಿಯನ್ನು ಲಾಗ್‌ನಿಂದಲೇ ಹೊರತೆಗೆಯಬಹುದು. ಥರ್ಮಲ್‌ನಲ್ಲಿ ಸುತ್ತುವಾಗ ಗಾಳಿಯ ಜೊತೆ ತಿರುಗಿದ ಕಡೆ ನೆಲದ ವೇಗ ಹೆಚ್ಚು, ಎದುರು ತಿರುಗಿದ ಕಡೆ ಕಡಿಮೆ. ಒಂದು ಕಡೆ 30, ಇನ್ನೊಂದು ಕಡೆ 20 ಬಂದರೆ ವ್ಯತ್ಯಾಸದ ಅರ್ಧ, ಅಂದರೆ ಸೆಕೆಂಡಿಗೆ 5 ಮೀಟರ್, ಗಾಳಿಯ ವೇಗ.

ಇಲ್ಲೂ ಒಂದು ಎಚ್ಚರ ಬೇಕು. ಗ್ಲೈಡರ್ ಒಂದು ಸುತ್ತಿಗೆ 25 ಸೆಕೆಂಡು ತೆಗೆದುಕೊಳ್ಳುತ್ತಿದ್ದು, ರೆಕಾರ್ಡರ್ ಕೂಡ 25 ಸೆಕೆಂಡಿಗೊಮ್ಮೆ ಬರೆಯುವಂತಿದ್ದರೆ ಏನಾಗುತ್ತದೆ? ಪ್ರತಿ ಸಲವೂ ಗ್ಲೈಡರ್ ಅದೇ ಜಾಗದಲ್ಲಿ ಸಿಕ್ಕಿ, ಬರೀ ಗಾಳಿಯ ಜೊತೆ ತೇಲುತ್ತಿದ್ದಂತೆ ಕಾಣುತ್ತದೆ. ಸಿನಿಮಾದಲ್ಲಿ ಓಡುವ ಗಾಡಿಯ ಚಕ್ರ ನಿಂತಂತೆ ಕಾಣುತ್ತದಲ್ಲ, ಅದೇ ಭ್ರಮೆ.

ಅನುಮಾನ ಪಡುವ ಮೊದಲು

ಕೆಲವು ಗ್ಲೈಡರ್‌ಗಳಲ್ಲಿ ತುರ್ತಿಗೆಂದು ಸಣ್ಣ ಎಂಜಿನ್ ಇರುತ್ತದೆ. ಸ್ಪರ್ಧೆಯ ನಡುವೆ ಅದನ್ನು ಬಳಸಿದರೇ ಎಂದು ತಿಳಿಯಲು ರೆಕಾರ್ಡರ್ ಸುತ್ತಲಿನ ಸದ್ದನ್ನು 0ಯಿಂದ 999ರವರೆಗಿನ ಅಂಕಿಯಾಗಿ ಬರೆಯುತ್ತದೆ. ಅಂಕಿ ದೊಡ್ಡದಾಗಿ ಬಂದ ಕೂಡಲೇ ‘ಕಳ್ಳಾಟ’ ಎನ್ನುವಂತಿಲ್ಲ. ಕಾಕ್‌ಪಿಟ್‌ನ ಕಿಟಕಿ ತೆರೆದು ಓರೆಯಾಗಿ ಜಾರಿದರೂ ಗಾಳಿ ಭೋರ್ಗರೆಯುತ್ತದೆ. ಸದ್ದು ಇದ್ದಾಗ ಗ್ಲೈಡರ್ ಸುತ್ತದೆ ನೇರವಾಗಿ, ಒಂದೇ ಸಮನೆ ಏರುತ್ತಿತ್ತೇ? ಅಥವಾ ಇಳಿಯುತ್ತಿತ್ತೇ? ಸದ್ದಿನ ಅಂಕಿಗೆ ಎತ್ತರದ ಅಂಕಿ ಸಾಕ್ಷಿ ಹೇಳಬೇಕು.

ಹಾಗೆಯೇ ಜಿಪಿಎಸ್ ಎತ್ತರ ಒಂದು ಸೆಕೆಂಡಿನಲ್ಲಿ 300 ಮೀಟರ್ ನೆಗೆದು ಮುಂದಿನ ಸೆಕೆಂಡಿನಲ್ಲಿ ವಾಪಸಾದರೆ, ಒತ್ತಡದ ಅಂಕಿಯನ್ನು ಕೇಳಿ. ಅದು ಅಲುಗಾಡದಿದ್ದರೆ ನೆಗೆದದ್ದು ಸಂಕೇತ, ಗ್ಲೈಡರ್ ಅಲ್ಲ. ಉಲ್ಟಾ ಕೂಡ ಆಗುತ್ತದೆ. ಎಷ್ಟೋ ರೆಕಾರ್ಡರ್‌ಗಳು ಕಾಕ್‌ಪಿಟ್‌ನೊಳಗಿನ ಒತ್ತಡವನ್ನೇ ಅಳೆಯುತ್ತವೆ. ವೇಗ ಬದಲಾದಾಗ ಅಥವಾ ಗಾಳಿಕಿಂಡಿ ತೆರೆದಾಗ ಒಳಗಿನ ಒತ್ತಡ ಸ್ವಲ್ಪ ಏರುಪೇರಾಗಿ ಎತ್ತರವೂ ಬದಲಾದಂತೆ ಕಾಣುತ್ತದೆ. ಆಗ ಜಿಪಿಎಸ್ ಸಾಕ್ಷಿ. ಎರಡು ಎತ್ತರಗಳನ್ನು ಬರೆಯುವುದರ ದೊಡ್ಡ ಪ್ರಯೋಜನವೇ ಇದು.

ಕಡತದ ಕೊನೆಯಲ್ಲಿ ಒಂದು ಡಿಜಿಟಲ್ ಸಹಿಯೂ ಇರುತ್ತದೆ. ನಡುವೆ ಒಂದೇ ಒಂದು ಅಂಕಿಯನ್ನು ತಿದ್ದಿದರೂ ತಪಾಸಣೆಯಲ್ಲಿ ಅದು ಸಿಕ್ಕಿಬೀಳುತ್ತದೆ. ಆದರೆ ಸಹಿ ಹೇಳುವುದು ‘ಉಪಕರಣ ಬರೆದದ್ದನ್ನು ಯಾರೂ ಮುಟ್ಟಿಲ್ಲ’ ಎಂದಷ್ಟೇ. ಬರೆದದ್ದು ಸರಿಯೇ, ನಾವು ಅದನ್ನು ಸರಿಯಾಗಿ ಓದಿದೆವೇ ಎಂಬುದಕ್ಕೆ ಸಹಿ ಹೊಣೆಯಲ್ಲ.

ಅಪಘಾತದ ಲಾಗ್ ಓದುವಾಗ ಇದನ್ನು ಇನ್ನೂ ಗಟ್ಟಿಯಾಗಿ ನೆನಪಿಡಬೇಕು. ಇಷ್ಟು ಹೊತ್ತಿಗೆ, ಇಷ್ಟು ಎತ್ತರದಲ್ಲಿ, ಇಷ್ಟು ನಿಧಾನವಾಗಿ ತಿರುಗಿದರು ಎಂದು ಲಾಗ್ ಹೇಳಬಲ್ಲದು. ಪೈಲಟ್‌ಗೆ ಎದುರಿಗೆ ಏನು ಕಾಣಿಸಿತು, ಏಕೆ ತಿರುಗಿದರು ಎಂಬುದು ಅದರಲ್ಲಿಲ್ಲ. ಆ ಖಾಲಿ ಜಾಗವನ್ನು ‘ಅಜಾಗರೂಕತೆ’ ಎಂಬ ಒಂದು ಪದದಿಂದ ತುಂಬಿಬಿಡುವುದು ಸುಲಭ. ಆ ಪದವನ್ನು ಅವರ ಮನೆಯವರು ಜೀವನವಿಡೀ ಹೊತ್ತುಕೊಳ್ಳಬೇಕಾಗುತ್ತದೆ.

ನಿಮ್ಮ ಕೈಯಲ್ಲಿರುವ ಲಾಗ್

ನಾನು ಗ್ಲೈಡರ್ ಹಾರಿಸುವುದಿಲ್ಲವಲ್ಲ, ನನಗೇಕೆ ಇದೆಲ್ಲ ಅನ್ನಬೇಡಿ. ಇಂಥದೇ ಒಂದು ರೆಕಾರ್ಡರ್ ನಿಮ್ಮ ಜೇಬಿನಲ್ಲಿದೆ. ಮುಳ್ಳಯ್ಯನಗಿರಿ ಹತ್ತಿದಾಗ ಎತ್ತರ ಸುಮಾರು 1,930 ಮೀಟರ್ ಎಂದು ಎಲ್ಲರೂ ಹೇಳುತ್ತಾರೆ. ನಿಮ್ಮ ಆಂಡ್ರಾಯ್ಡ್ ಫೋನ್‌ನ ಯಾವುದೋ ಆ್ಯಪ್ ಮಾತ್ರ 80–90 ಮೀಟರ್ ಕಡಿಮೆ ತೋರಿಸಬಹುದು. ಬೆಟ್ಟ ಕುಸಿದಿಲ್ಲ, ಫೋನ್ ಕೆಟ್ಟಿಲ್ಲ. ಆ್ಯಪ್ ಎಲಿಪ್ಸಾಯ್ಡ್‌ನಿಂದ ಅಳೆದ ಎತ್ತರವನ್ನು ತಿದ್ದದೆ ತೋರಿಸುತ್ತಿದೆ. ಗೆಳೆಯರ ಕೈಗಡಿಯಾರ ಒತ್ತಡ ಅಳೆಯುವಂಥದ್ದಾದರೆ ಮಳೆ ಬರುವ ಮುಂಚೆ ಒತ್ತಡ ಇಳಿದಾಗ, ಕೂತಲ್ಲೇ ಕೂತಿದ್ದರೂ ಹತ್ತಿಪ್ಪತ್ತು ಮೀಟರ್ ಏರಿದಂತೆ ತೋರಿಸುತ್ತದೆ.

ಯಾವ ಉಪಕರಣದ ಅಂಕಿ ಎದುರಾದರೂ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ:

- ಇದು ನಿಜವಾಗಿ ಅಳೆದದ್ದು ಏನನ್ನು? ಒತ್ತಡವನ್ನೋ, ದೂರವನ್ನೋ, ಸದ್ದನ್ನೋ?
- ಎಲ್ಲಿಂದ ಅಳೆಯಲು ಶುರುಮಾಡಿತು? ಅದರ ಸೊನ್ನೆ ಎಲ್ಲಿದೆ?
- ಅಳೆದದ್ದನ್ನು ನಮಗೆ ಬೇಕಾದ ಅಂಕಿಯಾಗಿ ಬದಲಿಸುವಾಗ ಏನನ್ನು ಊಹಿಸಿಕೊಂಡಿತು?
- ಇದೇ ಸಂಗತಿಗೆ ಇನ್ನೊಂದು ಸಾಕ್ಷಿ ಇದೆಯೇ?

ನಮ್ಮ ಉದಾಹರಣೆಯ ಗ್ಲೈಡರ್ ಇನ್ನೂ ಮೈದಾನದಲ್ಲೇ ನಿಂತಿದೆ. ಲಾಗ್ 895 ಮತ್ತು 834 ಎನ್ನುತ್ತಿದೆ, ನಕ್ಷೆ 920 ಎನ್ನುತ್ತಿದೆ. ಅನುಭವಿಗಳು ಲಾಗ್ ತೆರೆದಾಗ ಮೊದಲು ನೋಡುವುದು ಹಾರಾಟದ ಅತಿ ಎತ್ತರದ ಸಾಲನ್ನಲ್ಲ, ನೆಲದ ಮೇಲೆ ನಿಂತಿದ್ದಾಗಿನ ಇಂಥ ಸಾಲುಗಳನ್ನು. ಗ್ಲೈಡರ್ ಎಲ್ಲಿದೆ ಎಂದು ನಮಗೆ ಖಚಿತವಾಗಿ ಗೊತ್ತಿರುವುದು ಆಗ ಮಾತ್ರ. ಗೊತ್ತಿರುವ ಜಾಗದಲ್ಲಿ ಉಪಕರಣ ಏನು ಹೇಳುತ್ತದೆ ಎಂದು ಮೊದಲು ಕೇಳಿಸಿಕೊಂಡರೆ, ಗೊತ್ತಿಲ್ಲದ ಜಾಗದಲ್ಲಿ ಅದು ಹೇಳುವ ಮಾತಿನ ಅರ್ಥ ಆಗುತ್ತದೆ.